ಮೊದಲು ಯಂತ್ರ, ಕೊನೆಗೆ ಮನುಷ್ಯ

ಮುದ್ರಣಾಲಯವೆಂದರೆ ಅಚ್ಚಿನ ಸದ್ದು, ಕಾಗದದ ಧೂಳು, ಶಾಯಿ ಮೆತ್ತಿದ ಕೈಗಳು ಎಂದಷ್ಟೇ ತಿಳಿದವರಿಗೆ, ಪುಟ ಜೋಡಿಸುವ ಕೋಣೆಯ ಕಂಪ್ಯೂಟರೊಂದು ಮುನಿಸಿಕೊಂಡರೆ ಇಡೀ ಕಾರ್ಖಾನೆ ಕೈಕಟ್ಟಿ ಕೂರಬೇಕಾಗುತ್ತದೆ ಎಂಬುದು ತಿಳಿದಿರಲಾರದು. ಅಂಥ ಮುನಿಸುಗಳನ್ನು ತಮ್ಮ ಸೇವೆಯುದ್ದಕ್ಕೂ ತಿಳಿಗೊಳಿಸುತ್ತ ಬಂದ, ನಮ್ಮ ದುರಸ್ತಿ ವಿಭಾಗದ ಹಿರಿಯ ತಂತ್ರಜ್ಞೆ, ನಾವೆಲ್ಲ ಪ್ರೀತಿಯಿಂದಲೂ ಒಮ್ಮೊಮ್ಮೆ ಹಲ್ಲು ಕಡಿದೂ ‘ತಡೀರಿ ಅಕ್ಕ’ ಎಂದು ಕರೆಯುವ ಹಿರಿಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಯಾರು ಯಾವ ದೂರು ಹೊತ್ತು ಹೋದರೂ ಅವರ ಬಾಯಿಂದ ಮೊದಲು ಬರುವ ಮಾತು ‘ತಡೀರಿ’. ಅವರನ್ನು ಶಾಂತಮೂರ್ತಿ, ಸಹನಾಶೀಲೆ ಎಂದು ಈ ಅಭಿನಂದನಾ ಸಂಪುಟದಲ್ಲಿ ಬೇರೆಯವರು ಬರೆದಿರಬಹುದು. ನಾನು ಬರೆಯಲಾರೆ. ಅಕ್ಕ ಜಗಳಗಂಟಿ, ಮತ್ತು ಆ ಜಗಳದಿಂದಲೇ ನನ್ನ ಅನ್ನ ಉಳಿಯಿತು.

ಸೀಸದ ಅಚ್ಚುಮೊಳೆಗಳು ಮೂಲೆ ಸೇರಿ ಕಂಪ್ಯೂಟರುಗಳು ಬಂದ ಕಾಲದಲ್ಲಿ ಅಕ್ಕ ಇಲ್ಲಿ ಕೆಲಸಕ್ಕೆ ಸೇರಿದರು. ದಿನವಿಡೀ ಕೂರುವ ನಮಗೆ ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕೆಂದು ಹಟ ಹಿಡಿದು ತರಿಸಿದರು. ಕಣ್ಣು ಮಂಜಾದುದನ್ನು ಬಾಯಿಬಿಟ್ಟು ಹೇಳಲಾರದೆ ಒದ್ದಾಡುತ್ತಿದ್ದ ಕರಡು ತಿದ್ದುವ ಹಿರಿಯರ ಪರದೆಯಲ್ಲಿ, ಅವರು ಕೇಳದೆಯೇ ಅಕ್ಷರಗಳನ್ನು ದಪ್ಪ ಮಾಡಿಟ್ಟು, ಏನೂ ಆಗಿಲ್ಲವೆಂಬಂತೆ ಎದ್ದು ಹೋದವರೂ ಅವರೇ.

ನಾನು ಆಗ ತಾತ್ಕಾಲಿಕ ನೌಕರಳು. ಅಪ್ಪ ಹಾಸಿಗೆ ಹಿಡಿದಿದ್ದರು. ಮನೆಗೆ ನನ್ನ ಸಂಬಳವೊಂದೇ ಆಧಾರ. ಮಧ್ಯಾಹ್ನದ ಪಾಳಿಯಲ್ಲಿ ನಾನು ಕೂತ ಕಂಪ್ಯೂಟರು ಪುಟ ಅರ್ಧವಾಗುತ್ತಲೇ ತಟ್ಟನೆ ಆರಿ ಹೋಗುತ್ತಿತ್ತು. ಅದೇ ಯಂತ್ರ ಬೆಳಗಿನ ಪಾಳಿಯಲ್ಲಿ, ಗತ್ತಿನಿಂದಾಗಿ ‘ದೊರೆ’ ಎನಿಸಿಕೊಂಡಿದ್ದ ಸಹೋದ್ಯೋಗಿಯ ಕೈಯಲ್ಲಿ ಒಮ್ಮೆಯೂ ಆರುತ್ತಿರಲಿಲ್ಲ. ಅಕ್ಕ ರಜೆಯಲ್ಲಿದ್ದಾಗ ಯಾರೋ ಬಂದು ತಂತಿ, ಯುಪಿಎಸ್, ತಂತ್ರಾಂಶ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ ಹೋದರು. ಯಂತ್ರ ಮತ್ತೆ ಆರಿತು.

“ಯಂತ್ರದಲ್ಲಿ ಏನೂ ಇಲ್ಲ. ಈ ಹುಡುಗಿ ಕೈಯಲ್ಲೇ ಏನೋ ಇದೆ. ನಾಳೆಯಿಂದ ಬೇರೆಯವರನ್ನ ಕೂರಿಸ್ತೀನಿ,” ಎಂದರು ವ್ಯವಸ್ಥಾಪಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ರಜೆ ಮುಗಿಸಿ ಅಂದೇ ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತು ಹೇಳಿದರು: “ತಡೀರಿ ಸಾರ್. ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು. ಮನುಷ್ಯರ ಸರದಿ ಎಲ್ಲಾ ಮುಗಿದ ಮೇಲೆ. ಕಾರಣ ಗೊತ್ತಾಗದೆ ಇವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿಬಿಡಿ.”

ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ನೀನು ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡಮ್ಮ,” ಎಂದರು. ಗೋಡೆಯ ಪ್ಲಗ್ಗನ್ನು ಮಾತ್ರ ಬದಲಿಸಿದರು, ಆರಿತು. ಅದನ್ನು ಮೊದಲಿನಂತೆಯೇ ಇಟ್ಟು ಯುಪಿಎಸ್ ಮಾತ್ರ ಬದಲಿಸಿದರು, ಆರಿತು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಸಿಪಿಯು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟವರು ಕೈ ಹಿಂದೆಗೆದುಕೊಂಡರು. “ಇದಕ್ಕೆ ಯಾಕಮ್ಮ ಅಂಗಿ ಹಾಕಿದೀಯ?”

ಕಾಗದದ ಧೂಳಿಗೆ ಬೇಸತ್ತ ವ್ಯವಸ್ಥಾಪಕರು ತಮ್ಮ ತಾಯಿಯವರಿಂದಲೇ ದಪ್ಪ ಬಟ್ಟೆಯ ಗವಸುಗಳನ್ನು ಹೊಲಿಸಿ, ಕೆಲಸ ಮಾಡುವಾಗಲೂ ಪೆಟ್ಟಿಗೆಯ ಗವಸು ತೆಗೆಯಕೂಡದೆಂದು ಆದೇಶಿಸಿದ್ದರು. ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ದೊರೆ ಮಾತ್ರ ಬೆಳಿಗ್ಗೆ ಬಂದೊಡನೆ ಅದನ್ನು ಕಿತ್ತು, ಮಡಚಿ, ಮೆತ್ತಗಿರಲೆಂದು ಕುರ್ಚಿಯ ಮೇಲೆ ಹಾಕಿಕೊಂಡು ಕೂತು, ಹೊರಡುವಾಗ ಸಭ್ಯನಂತೆ ಮತ್ತೆ ಹೊದಿಸುತ್ತಿದ್ದ. ಗಾಳಿಯಾಡದೆ ಕುದಿದ ಯಂತ್ರ ಸುಟ್ಟುಹೋಗದಿರಲು ತಾನೇ ಆರುತ್ತಿತ್ತು. ಗವಸು ತೆಗೆದ ಮೇಲೆ ಪಾಳಿ ಮುಗಿಯುವವರೆಗೂ ನಡೆಯಿತು. ಮರುದಿನ ಅಕ್ಕ ವ್ಯವಸ್ಥಾಪಕರನ್ನು ಕರೆದು ಕೂರಿಸಿ, ಮತ್ತೆ ಗವಸು ಹೊದಿಸಿ, ಅವರ ಕಣ್ಣೆದುರೇ ಯಂತ್ರ ಆರುವವರೆಗೆ ಕಾದರು.

ವರದಿಯಲ್ಲಿ ‘ವಿದ್ಯುತ್ ಏರುಪೇರು’ ಎಂದು ಬರೆದು ಮುಗಿಸಿ ಎಂಬ ಸೂಚನೆ ವ್ಯವಸ್ಥಾಪಕರಿಂದ ಬಂತು. “ಸುಳ್ಳು ಕಾರಣ ಬರೆದ್ರೆ, ನಾಳೆ ಇನ್ನೊಂದು ಯಂತ್ರ ಆರಿದಾಗ ಇನ್ನೊಬ್ಬಳ ತಲೆಗೆ ಕಟ್ತೀರಿ,” ಎಂದ ಅಕ್ಕ, ‘ವ್ಯವಸ್ಥಾಪಕರ ಆದೇಶದಂತೆ ಹೊದಿಸಿದ ಗವಸು’ ಎಂದೇ ಬರೆದರು. ನನ್ನ ಕೆಲಸ ಉಳಿಯಿತು. ಅವರಿಗೆ ಬರಬೇಕಿದ್ದ ಮುಖ್ಯಸ್ಥೆಯ ಹುದ್ದೆ ಮಾತ್ರ, ಅವರೇ ಕೆಲಸ ಕಲಿಸಿದ ಕಿರಿಯರೊಬ್ಬರ ಪಾಲಾಯಿತು. ಈ ಮಾತು ಅಕ್ಕ ಎಂದೂ ಎತ್ತಲಿಲ್ಲ. ನನಗೆ ಇಂದಿಗೂ ಸಿಟ್ಟಿದೆ, ಅದು ಆರುವುದು ನನಗೆ ಬೇಕೂ ಇಲ್ಲ.

ಇನ್ನು ಮುಂದೆ ಪೇಟೆಯ ಹಿಂದಿನ ಬೀದಿಯಲ್ಲಿ ತಮ್ಮದೇ ದುರಸ್ತಿ ಅಂಗಡಿ ತೆರೆಯಲಿರುವ ಅಕ್ಕನಿಗೆ ದೀರ್ಘಾಯುಸ್ಸೂ ಗಟ್ಟಿ ಆರೋಗ್ಯವೂ ಇರಲಿ. ಅವರ ಕೈಗೆ ಬಿಡುವು ಸಿಗದಿರಲಿ, ನಾಲಿಗೆಯಂತೂ ಎಂದಿಗೂ ಮೆತ್ತಗಾಗದಿರಲಿ. ಶುಭ ಸಂದರ್ಭದಲ್ಲಿ ಹಳೆಯ ಕಹಿ ಏಕೆ, ಗವಸಿನ ಪ್ರಸಂಗ ಕೈಬಿಡಿ ಎಂದು ಸಂಪಾದಕ ಸಮಿತಿಯವರು ವಿನಯದಿಂದಲೇ ಸೂಚಿಸಿದ್ದಾರೆ. ಕೈಬಿಡುವುದಿಲ್ಲವೆಂದು ಅಷ್ಟೇ ವಿನಯದಿಂದ ತಿಳಿಸುತ್ತೇನೆ. ಈ ಸಂಪುಟದ ಪುಟಗಳನ್ನು ಜೋಡಿಸುತ್ತಿರುವವಳು ನಾನೇ.