ಗೂಡಿನಲ್ಲಿಟ್ಟ ಕೂದಲು

ನಮ್ಮಕ್ಕ ತಲೆಗೆ ಎರೆದುಕೊಳ್ಳುವುದೆಂದರೆ ಮನೆಮಂದಿಗೆಲ್ಲ ಕೆಲಸ. ಕೊಡ್ಲಿ ಊರಿನ ನಮ್ಮ ಹಿತ್ತಲಲ್ಲಿ ಶಹಾಬಾದಿ ಕಲ್ಲಿನ ಮೇಲೆ ಅವಳು ಬಗ್ಗಿ ಕುಳಿತರೆ, ಮೊಣಕಾಲು ದಾಟುವ ಆ ಕೂದಲು ಕೆಸರಿಗೆ ತಾಗದಂತೆ ಎತ್ತಿ ಹಿಡಿಯುವ ಚಾಕರಿ ನನ್ನದು. ಅವ್ವ ಶೀಗೆಕಾಯಿ ತಿಕ್ಕಿ ಬಿಸಿನೀರು ಹೊಯ್ಯುವಳು. ಆಮೇಲೆ ಕೆಂಡಕ್ಕೆ ಲೋಬಾನ ಉದುರಿಸಿ, ಮೇಲೊಂದು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರವುವಳು. ಹೊಗೆ ನನ್ನ ಕಣ್ಣಿಗೆ, ಹೊಗಳಿಕೆ ಅಕ್ಕನಿಗೆ. ‘ಕೂದಲಿದ್ದಾಕಿ ಹೆಂಗ ತುರುಬ ಕಟ್ಟಿದ್ರೂ ಚಂದ’ ಎಂದು ನೆರೆಯವರು ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನ್ನ ಹೆರಳೋ, ಇಲಿಯ ಬಾಲ.

ಹಣಿಗೆಗೆ ಬಂದ ಕೂದಲನ್ನು ನಮ್ಮ ಕಡೆ ಯಾರೂ ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಗೂಡಿನಲ್ಲಿ ಇಡುವುದು. ಸೂಜಿ ಮಾರುವವಳು ಬಂದಾಗ ಅವನ್ನು ಕೊಟ್ಟರೆ ಸೂಜಿಯೋ ಮಣಿಯೋ ಸಿಗುತ್ತಿತ್ತು. ಅವಳು ಆ ಕೂದಲಿನಿಂದ ಚೌರಿ ಮಾಡಿ, ಕೂದಲು ಕಡಿಮೆ ಇದ್ದವರಿಗೆ ಮಾರುತ್ತಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗ ಅಕ್ಕನಿಗೆ ವಾರಗಟ್ಟಲೆ ಬಿಡದ ಮುದ್ದತಿ ಜ್ವರ ಬಂತು. ಜೀವ ಉಳಿಯಿತು, ಕೂದಲು ಉಳಿಯಲಿಲ್ಲ. ಹಿಡಿ ಹಿಡಿಯಾಗಿ ದಿಂಬಿನ ಮೇಲೆ ಬೀಳುತ್ತಿದ್ದ ಎಳೆಗಳನ್ನು ಅವ್ವ ಅಳುತ್ತಲೇ ಆಯ್ದು, ಬುಡಕ್ಕೆ ಬುಡ ಹೊಂದಿಸಿ, ಕೆಂಪು ದಾರದಿಂದ ಕಟ್ಟಿ, ಬಟ್ಟೆಯಲ್ಲಿ ಸುತ್ತಿ ಒಳಕೋಣೆಯ ಗೂಡಿನಲ್ಲಿಟ್ಟಳು. ಅಕ್ಕನ ಬೆನ್ನ ಮೇಲೆ ಉಳಿದದ್ದು ಕಿರುಬೆರಳಿನಷ್ಟು ದಪ್ಪದ ಹೆರಳು. ಚಿತ್ತಾಪುರದ ಒಳ್ಳೆಯ ಮನೆತನವೊಂದು ಆ ಕೂದಲಿನ ಸುದ್ದಿ ಕೇಳಿಯೇ ಹೆಣ್ಣು ನೋಡಲು ಬರುವುದಿತ್ತು. ಅವ್ವನ ಲೆಕ್ಕ ಸರಳ: ಅವಳದೇ ಕೂದಲು, ಚೌರಿ ಮಾಡಿ ಅವಳಿಗೇ ಕಟ್ಟಿದರೆ ಮೋಸ ಹೇಗಾದೀತು?

ಅವರು ಬರಲು ಎರಡು ದಿನವಿರುವಾಗ ಸೂಜಿಯವಳು ಬಂದಳು. ಅವ್ವ ಹೊಲಕ್ಕೆ ಹೋಗಿದ್ದಳು, ಅಕ್ಕ ಮಲಗಿದ್ದಳು. ಕೆಂಪು ಮಣಿಸರ ನೋಡಿ ನನ್ನ ಬಾಯಲ್ಲಿ ನೀರೂರಿತು. ಹೊರಗಿನ ಗೂಡಿನ ಉಂಡೆಗಳನ್ನು ಕೊಟ್ಟರೆ ಅವಳು ಮೂತಿ ತಿರುವಿದಳು. ನಾನು ಒಳಗಿನ ಗಂಟನ್ನೇ ತಂದುಕೊಟ್ಟೆ. ಚಿಕ್ಕವಳು, ಗೊತ್ತಿರಲಿಲ್ಲ ಎಂದು ಜನರಿಗೆ ಹೇಳುತ್ತ ಬಂದಿದ್ದೇನೆ. ಅರ್ಧ ಗೊತ್ತಿತ್ತು.

ಅವ್ವ ಬೆನ್ನು ಮುರಿಯುವಂತೆ ಹೊಡೆದಳು. ಅಪ್ಪ ಚಂದಾಪುರದ ಸಂತೆಯತನಕ ಹುಡುಕಿ ಬಂದ. ಸೂಜಿಯವಳು ಸಿಗಲಿಲ್ಲ. ಅಕ್ಕ ಮಾತ್ರ ನನ್ನ ಬೆನ್ನಿಗೆ ಎಣ್ಣೆ ಹಚ್ಚಿದಳು. ಅದೇ ನನ್ನನ್ನು ಹೊಡೆತಕ್ಕಿಂತ ಹೆಚ್ಚು ನೋಯಿಸಿತು.

ಬೀಗರು ಬಂದರು. ಗಂಡಸರು ಕಟ್ಟೆಯ ಮೇಲೆ ಕುಳಿತರು. ಒಳಗೆ ಬಂದದ್ದು ವರನ ತಾಯಿಯೊಬ್ಬಳೇ. ದೊಡ್ಡ ತುರುಬಿನ, ದೊಡ್ಡ ದನಿಯ ಹೆಂಗಸು. ಹೆರಳು ಬಿಚ್ಚಿಸಿ ನೋಡುವುದು ಆಗಿನ ರೂಢಿ. ಆಕೆ ಕೈ ಚಾಚುವ ಮೊದಲೇ ಅಕ್ಕ ಸೆರಗು ಸರಿಸಿ ತಾನೇ ಹೆರಳು ಬಿಚ್ಚಿದಳು.

“ಇಷ್ಟೇ ಅದರಿ,” ಅಂದಳು.

ಅವ್ವ ಗೋಡೆಗೆ ಒರಗಿದಳು. ನನಗೆ ತಡೆಯಲಾಗಲಿಲ್ಲ. “ಭಾಳ ಇತ್ತರಿ! ಜ್ವರಕ್ಕ ಉದುರಿತ್ತು. ಅವ್ವ ಚೌರಿ ಮಾಡಿ ಕಟ್ಟಬೇಕಂತ ಇದ್ಳು, ನಾನೇ ಮಣಿಸರಕ್ಕ ಕೊಟ್ಟುಬಿಟ್ಟೆ,” ಎಂದು ಅಳುತ್ತ ಎಲ್ಲವನ್ನೂ ಒದರಿಬಿಟ್ಟೆ. ಮುಚ್ಚಿಡಬೇಕಾದ ಒಂದು ಮಾತನ್ನೂ ಬಿಡಲಿಲ್ಲ.

ವರನ ತಾಯಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಆಮೇಲೆ ಎರಡೂ ಕೈ ಹಿಂದೆ ಒಯ್ದು ತನ್ನ ತುರುಬು ಬಿಚ್ಚಿದಳು. ತುರುಬಿನ ಮುಕ್ಕಾಲು ಪಾಲು ಆಕೆಯ ಕೈಗೇ ಬಂತು. ಅದನ್ನು ಎಲೆಅಡಿಕೆಯ ತಟ್ಟೆಯ ಪಕ್ಕದಲ್ಲಿಟ್ಟಳು.

“ನನಗೂ ಇದೇ ಜ್ವರ ಬಂದಿತ್ತವಾ. ನಮ್ಮವ್ವ ಬೀಗರಿಗೆ ಇದನ್ನ ಕಟ್ಟಿ ತೋರಿಸಿದ್ಳು, ಆಮ್ಯಾಲ ಕೂದಲ ಬೆಳೀಲೇ ಇಲ್ಲ. ಇಪ್ಪತ್ತೈದು ವರ್ಷ ಆತು, ಎಲ್ಲಾರಕಿಂತ ಮೊದಲ ಏಳ್ತೀನಿ, ಬಾಗಿಲ ಹಾಕ್ಕೊಂಡು ತಲಿ ಹಿಕ್ಕೋತೀನಿ. ಗಂಡಗ ಗೊತ್ತಿಲ್ಲ, ಮಗಗ ಗೊತ್ತಿಲ್ಲ. ಯಾರರ ಹಿಂದಿನಿಂದ ಬಂದ್ರ ಎದಿ ಧಸಕ್ಕಂತದ. ನಿನಗ ಆ ಕಾಟ ತಪ್ಪಿತು ನೋಡು.”

ವರನ ತಾಯಿಗೆ ಚೌರಿ ಮತ್ತೆ ಕಟ್ಟಿಕೊಟ್ಟವಳು ಅಕ್ಕ. ಹೊರಗೆ ಹೋಗುವಾಗ ಆಕೆ ನನ್ನ ಕಿವಿ ಹಿಂಡಿದಳು. “ಇದನ್ನ ಯಾರರ ಮುಂದ ಹೇಳೀದಿ, ಜ್ವಾಕಿ. ಮಣಿಸರ ಕೊಟ್ರೂ ಹೇಳಬ್ಯಾಡ.”

ಹೇಳಲಿಲ್ಲ. ಮದುವೆಯಾಯಿತು. ಅಕ್ಕನ ಕೂದಲು ಸೊಂಟದವರೆಗೆ ಮತ್ತೆ ಬೆಳೆಯಿತು. ಅತ್ತೆಯ ತಲೆ ಹಿಕ್ಕುವ ಕೆಲಸ ಆಮೇಲೆ ಅವಳದೇ ಆಯಿತು. ಬಾಗಿಲು ಹಾಕಿಕೊಂಡು ಒಳಗೆ ಇಬ್ಬರೂ ನಗುವುದು ನಾನು ಹೋದಾಗಲೆಲ್ಲ ಕೇಳುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಆ ಅತ್ತೆ ತೀರಿಕೊಂಡಾಗ ಅಕ್ಕ ಯಾರನ್ನೂ ಒಳಗೆ ಬಿಡಲಿಲ್ಲ, ನನ್ನೊಬ್ಬಳನ್ನು ಕರೆದಳು. ನಾನು ಅತ್ತೆಯ ತಲೆ ಎತ್ತಿ ಹಿಡಿದೆ, ಅವಳು ಎಣ್ಣೆ ಹಚ್ಚಿ, ಬಾಚಿ, ಚೌರಿ ಸೇರಿಸಿ ಬಿಗಿಯಾಗಿ ತುರುಬು ಕಟ್ಟಿದಳು. ಆಮೇಲೆ ಬಾಗಿಲು ತೆಗೆದಳು. ಮಾವ ಬಂದು ಹೆಂಡತಿಯ ಪಕ್ಕ ಕುಳಿತು, ತುರುಬಿನ ಮೇಲೆ ಕೈಯಿಟ್ಟರು.

“ಮುಂದಲಿ ಬೆಳ್ಳಗಾದ್ರೂ ತುರುಬ ಕಡೀತನಕ ಕಪ್ಪೇ ಇತ್ತು ನೋಡ್ರಿ,” ಎಂದು ಬಂದವರಿಗೆ ಹೆಮ್ಮೆಯಿಂದ ಹೇಳಿ ಅತ್ತರು.

ಅಕ್ಕ, “ಹೌದ್ರಿ ಮಾವಾರೆ,” ಅಂದಳು.