ಅತ್ತೆ ಕೇಳಿದ ನೀರು

ಮಂಗಳಾ, ನನ್ನ ಕೈಯಿಂದ ನೀರು ಕುಡಿಯುವುದಿಲ್ಲವೆಂದು ನಿನ್ನ ಅಮ್ಮ ಯಾವತ್ತೂ ಹಠ ಹಿಡಿದವರಲ್ಲ. ಹಾಗೆಂದು ಎಲ್ಲರಿಗೂ ಹೇಳಿದವಳು ನಾನು. ಮೊದಲು ತಿಳಿಯದೆ ಹೇಳಿದೆ, ತಿಳಿದ ಮೇಲೂ ತಿದ್ದಲಿಲ್ಲ. ತಪ್ಪು ಅಲ್ಲಿಂದ ಶುರುವಾಯಿತು ಎಂದು ಬರೆಯಹೊರಟಿದ್ದೆ — ಅದೂ ನಿಜವಲ್ಲ. ಮೀನಿನ ತೊಟ್ಟಿಯನ್ನು ಎತ್ತಿಸಿದ ದಿನವೇ ಅದು ಶುರುವಾಗಿತ್ತು.

ಮಾನಂದವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗಿದ್ದ ಆ ಉದ್ದನೆಯ ಗಾಜಿನ ತೊಟ್ಟಿ ನಿನಗೆ ನೆನಪಿದೆ. ಮಾವ ಹೋದ ಮೇಲೆ ಅತ್ತೆ ಆಸೆಪಟ್ಟು ತರಿಸಿಕೊಂಡದ್ದು. ಒಳಗೆ ಮೂರು ಗೋಲ್ಡ್ ಫಿಶ್. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅತ್ತೆ ಅವುಗಳೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಬಯ್ಯುವಾಗ ಮಾತ್ರ ಮಲೆಯಾಳ. ನನಗೆ ಮೀನುಗಳ ಮೇಲೆ ಸಿಟ್ಟಿರಲಿಲ್ಲ. ಕಣ್ಣಿದ್ದದ್ದು ಆ ಜಾಗದ ಮೇಲೆ. ನನ್ನ ಹೊಲಿಗೆ ಯಂತ್ರಕ್ಕೆ ಬೇಕಾದಂಥ ಬೆಳಕು ಮನೆಯಲ್ಲಿ ಬೇರೆಲ್ಲೂ ಬೀಳುತ್ತಿರಲಿಲ್ಲ.

ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋದವಲ್ಲ. ಆಸ್ಪತ್ರೆಯಿಂದ ಕರೆತರುವ ಹಿಂದಿನ ದಿನ, ಮಂಚಕ್ಕೆ ಜಾಗ ಸಾಲದು, ತೊಟ್ಟಿ ತೆಗೆಯಬೇಕು ಎಂದು ನಿನ್ನ ಅಣ್ಣನಿಗೆ ಹೇಳಿದೆ. ಜಾಗ ಸಾಲುತ್ತಿತ್ತು. ತೊಟ್ಟಿ ಹಿತ್ತಲಿಗೆ ಹೋಯಿತು, ಅದಿದ್ದಲ್ಲಿ ನನ್ನ ಯಂತ್ರ ಬಂತು. ಮೀನುಗಳನ್ನು ಒಂದು ದುಂಡನೆಯ ಗಾಜಿನ ಬೋಗುಣಿಗೆ ಹಾಕಿ ಅತ್ತೆಗೆ ಕಾಣುವಂತೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ನೋಡಲು ಬಂದವರೆಲ್ಲ ಚೆಂದವಾಗಿದೆ ಎಂದರು. ಅತ್ತೆಗಾಗಿಯೇ ಮಾಡಿದ್ದು ಎಂದು ನಾನೂ ನಂಬತೊಡಗಿದೆ — ನಂಬುವುದು ಎಷ್ಟು ಸುಲಭ!

ಸ್ವಲ್ಪ ದಿನಗಳಲ್ಲಿ ಅತ್ತೆಗೆ ಒಂದು ಮಾತು ಮರಳಿತು. "ನೀರು." ಎಡಗೈಯನ್ನು ಕಿಟಕಿಯ ಕಡೆ ಚಾಚಿ ಹೇಳುತ್ತಿದ್ದರು. ಕುಡಿಯುವ ನೀರಿನ ಹೂಜಿಯೂ ಆ ಕಡೆಯೇ ಇತ್ತು. ನಾನು ಲೋಟ ತುಂಬಿ ತುಟಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದರು. ಮತ್ತೆ "ನೀರು", ಮತ್ತೆ ಲೋಟ, ಮತ್ತೆ ಅದೇ. ಒಮ್ಮೆ ಲೋಟವನ್ನೇ ತಳ್ಳಿದರು. ಊಟದ ಹೊತ್ತಿಗೆ ನಿನ್ನ ಅಣ್ಣ ಕೊಟ್ಟರೆ ಮಾತ್ರ ಕುಡಿಯುತ್ತಿದ್ದರು. ನನಗೆ ಅಳು ಬಂತು. ಬೇರೆಯವರು ಕೊಟ್ಟರೆ ಕುಡಿಯುತ್ತಾರೆ, ನನ್ನ ಕೈಯದು ಮಾತ್ರ ಬೇಡ ಎಂದು ನಿನ್ನ ಅಣ್ಣನ ಹತ್ತಿರ ಹೇಳಿಕೊಂಡೆ, ಪಕ್ಕದ ಮನೆಯವರ ಹತ್ತಿರವೂ. ಮುಳ್ಳನ್ಕೊಲ್ಲಿಯಲ್ಲಿದ್ದ ನಿನಗೂ ಫೋನಿನಲ್ಲಿ ಹೇಳಿದೆ.

ಒಂದು ಬೆಳಿಗ್ಗೆ ಮೀನೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಉಳಿದೆರಡು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕೆಲವು ದಿನಗಳಿಂದಲೂ ಹಾಗೇ ಮಾಡುತ್ತಿದ್ದವು, ಹಸಿವೆಂದುಕೊಂಡು ನಾನು ಇನ್ನಷ್ಟು ಕಾಳು ಹಾಕುತ್ತಿದ್ದೆ. ಅತ್ತೆ ಎಚ್ಚರವಾಗಿದ್ದರು, ಎಲ್ಲವನ್ನೂ ನೋಡುತ್ತಿದ್ದರು. ಬೋಗುಣಿಯನ್ನು ಹೊರಗೊಯ್ಯಲು ಎತ್ತಿದಾಗ ಎಡಗೈ ಬೀಸಿ ಹತ್ತಿರ ಕರೆದರು. ಬೆರಳನ್ನು ಅದರಲ್ಲಿ ಅದ್ದಿ, ತಾವು ಮೂಸಿ, ಆಮೇಲೆ ಆ ಬೆರಳನ್ನು ನನ್ನ ಮೂಗಿಗೆ ಹಿಡಿದರು.

"ನೀರು," ಎಂದರು.

ಕಣ್ಣಿಗೆ ತಿಳಿಯಾಗಿದ್ದ ಆ ನೀರು ನಾರುತ್ತಿತ್ತು.

ಆ ಮೂರು ಜೀವಗಳು ಹೋಗಲು ಬೇರೆ ಜಾಗವಿಲ್ಲದೆ, ತಮ್ಮ ಹೊಲಸಿನಲ್ಲೇ ಸುತ್ತುತ್ತಾ ಉಸಿರಿಗಾಗಿ ಬಾಯಿಬಿಡುತ್ತಿದ್ದುದನ್ನು ಅತ್ತೆ ಮಲಗಿದಲ್ಲಿಂದಲೇ ಕಂಡಿದ್ದರು. ಇದ್ದ ಒಂದೇ ಮಾತನ್ನು ಅವಕ್ಕಾಗಿ ಆಡುತ್ತಿದ್ದರು. ನಾನು ಅದನ್ನು ನನ್ನ ಅವಮಾನ ಮಾಡಿಕೊಂಡೆ — ಎಲ್ಲದರಲ್ಲೂ ನನ್ನನ್ನೇ ಕಾಣುವ ಆ ರೋಗ...

ಅವತ್ತೇ ಯಂತ್ರವನ್ನು ಹಿಂದಿನ ಜಗಲಿಗೆ ಎಳೆದೆ, ತೊಟ್ಟಿಯನ್ನು ತೊಳೆದು ಒಳಗೆ ತಂದೆ. ಆದರೆ ಯಾರಿಗೂ ಏನೂ ಹೇಳಲಿಲ್ಲ.

ಆ ಭಾನುವಾರ ನೀನು ಬಂದೆ. ಚೀಲ ಕೆಳಗಿಡುವ ಮೊದಲೇ ಮಂಚದ ಹತ್ತಿರ ಹೋಗಿ ನಿಂತೆ. "ಅಮ್ಮಾ, ಅತ್ತಿಗೆ ಕೈಯಿಂದ ಒಂದು ಲೋಟ ನೀರು ಕುಡಿದ್ರೆ ನಿಂಗೇನು ನಾಣಕ್ಕೇಡು? ಅವ್ರು ಹಗಲೂ ರಾತ್ರಿ ನಿನ್ನ ನೋಡ್ಕೊಳ್ತಿಲ್ವಾ?" ನನ್ನ ಪರವಾಗಿ ಮಾತಾಡಿದೆ ನೀನು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಒಂದು ಮಾತು ಸಾಕಿತ್ತು. ಬಾಯಿ ಬರಲಿಲ್ಲ.

ಅತ್ತೆ ನಿನ್ನನ್ನು ನೋಡಿದರು, ಆಮೇಲೆ ನನ್ನನ್ನು. ಎಡಗೈಯನ್ನು ನನ್ನ ಕಡೆ ಚಾಚಿದರು. ನಾನು ಲೋಟ ಹಿಡಿದೆ. ಸ್ವಲ್ಪ ಮುಂಚೆಯಷ್ಟೇ ಗಂಜಿ ಕುಡಿದಿದ್ದರು, ಬಾಯಾರಿಕೆ ಇರಲಾರದು. ಆದರೂ ನಿನ್ನ ಮುಂದೆ ಕೊನೆಯ ಗುಟುಕಿನವರೆಗೂ ಕುಡಿದರು.

"ಶರಿ, ಹೇಳಿದ್ರೆ ಕೇಳ್ತಾರೆ," ಎಂದು ನೀನು ಸಮಾಧಾನಪಟ್ಟೆ. ನಾನು ಮಾಡಿದ ತಪ್ಪನ್ನು ನಿನ್ನ ಅಮ್ಮ ತಾವು ಮಾಡಿದ್ದೆಂದು ನನ್ನ ಕಣ್ಣೆದುರೇ ಒಪ್ಪಿಕೊಂಡರು.

ಅದರಾಚೆ ಅವರು ಬದುಕಿದ್ದ ವರ್ಷಗಳು ನನಗೆ ಸಿಕ್ಕ ಪುಣ್ಯ. ನನ್ನನ್ನು ದೂರವಿಡಲಿಲ್ಲ, ಮೀನುಗಳ ಆರೈಕೆಗೆ ಹಚ್ಚಿದರು. ಪೈಪಿನ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆಯೇ ಸುರಿಯಬೇಕು. ತೊಟ್ಟಿಯನ್ನು ಒಮ್ಮೆಲೇ ಬರಿದು ಮಾಡಬಾರದು, ಒಂದಿಷ್ಟು ತೆಗೆದು ಒಂದಿಷ್ಟು ಹಾಕಬೇಕು. ನಾನು ಹೆಚ್ಚು ತೆಗೆದರೆ ಮಂಚದಿಂದಲೇ ಕೈ ಎತ್ತಿ ತಡೆಯುತ್ತಿದ್ದರು. ಮಾತು ತೊದಲುತ್ತಾ ಮರಳಿತು. ಮೀನುಗಳೆರಡೂ ನನ್ನ ಅಂಗೈಯಷ್ಟು ಬೆಳೆದವು. ಆ ಬೆಳಗುಗಳಲ್ಲಿ ನಾವಿಬ್ಬರೂ ನಕ್ಕಷ್ಟು ಅದಕ್ಕೆ ಮುಂಚಿನ ವರ್ಷಗಳಲ್ಲೆಲ್ಲ ನಕ್ಕಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಎಲ್ಲವನ್ನೂ ಹೇಳಿದೆ. ಯಂತ್ರಕ್ಕಾಗಿ ತೊಟ್ಟಿ ತೆಗೆಸಿದ್ದನ್ನೂ. ಅತ್ತೆ, "ಗೊತ್ತು," ಎಂದರು. ಮಂಗಳಾಗೆ ನೀವೇ ಹೇಳಿ ಎಂದು ಬೇಡಿದೆ.

"ನಾ ಹೇಳಲ್ಲ," ಎಂದರು, ಒಂದೊಂದೇ ಮಾತು ಹುಡುಕುತ್ತಾ. "ನೀ ಹೇಳು, ಮೋಳೇ."

ಆವರೆಗೆ ಮೋಳೇ ಎಂದು ಅವರು ಕರೆದದ್ದು ನಿನ್ನನ್ನು ಮಾತ್ರ, ಹೆತ್ತ ಮಗಳನ್ನು. ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಇವತ್ತು, ನಾಳೆ ಎನ್ನುತ್ತಿರುವಾಗಲೇ ಅವರು ಹೋದರು.

ಮೊನ್ನೆ ನಿನ್ನ ಮನೆಗೆ ಬಂದಾಗ, ಅಜ್ಜಿ ಎಂಥ ಹಠಮಾರಿ, ಸೊಸೆ ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ ಎಂದು ನೀನು ಮಕ್ಕಳಿಗೆ ನಗುತ್ತಾ ಹೇಳಿದೆ. ಮಕ್ಕಳೂ ನಕ್ಕರು. ನಾನೂ — ಮಂಗಳಾ, ನಾನೂ ನಕ್ಕೆ.

ಕ್ಷಮೆ ಕೇಳುವುದಿಲ್ಲ. ಕೊಡಬಲ್ಲವರು ನಾನು ಕೇಳುವ ಮೊದಲೇ ಕೊಟ್ಟು ಹೋದರು. ನೀನೂ ಕೊಡಬೇಕೆಂದು ಕೇಳುವ ಮುಖ ನನಗಿಲ್ಲ. ಈ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಕ್ಕಳನ್ನು ಎಲ್ಲಿಗೂ ಕಳಿಸಬೇಡ. ಅವರ ಅಜ್ಜಿ ಎಂಥವರಾಗಿದ್ದರೆಂದು ಅವರನ್ನು ಎದುರಿಗೆ ಕೂರಿಸಿಕೊಂಡು ನಾನೇ ಹೇಳಬೇಕು.