ಐದನೇ ಮಹಡಿಯ ಮೂಲೆ ಕೋಣೆ

ನಮ್ಮ ದೊಡ್ಡಪ್ಪ ಯಾವ ಬಾಗಿಲಲ್ಲೂ ಮೊದಲು ನುಗ್ಗಿದವರಲ್ಲ. ಎಲ್ಲರೂ ಒಳಗೆ ಹೋಗುವವರೆಗೆ ಒಂದು ಕೈಯಲ್ಲಿ ಬಾಗಿಲು ಹಿಡಿದು ಪಕ್ಕಕ್ಕೆ ನಿಂತಿರುತ್ತಿದ್ದರು. ಅದು ಸಂಕೋಚವಲ್ಲ, ಕಸುಬು. ಊರಿನ ದೊಡ್ಡ ಹೋಟೆಲಿನಲ್ಲಿ ಅವರು ಲಿಫ್ಟ್ ನಡೆಸುತ್ತಿದ್ದರು. ಗುಂಡಿ ಒತ್ತಿದರೆ ತಾನೇ ಹೋಗಿ ನಿಲ್ಲುವ ಲಿಫ್ಟ್ ಅಲ್ಲ ಅದು. ಹಿತ್ತಾಳೆಯ ಹಿಡಿಕೆ ತಿರುಗಿಸಿ, ಲಿಫ್ಟಿನ ನೆಲವನ್ನೂ ಮಹಡಿಯ ನೆಲವನ್ನೂ ಕಣ್ಣಳತೆಯಲ್ಲೇ ಸಮ ಮಾಡಬೇಕಿತ್ತು. ಒಂದು ಬೆರಳು ಹೆಚ್ಚುಕಮ್ಮಿಯಾದರೂ ಯಾರಾದರೂ ಎಡವುತ್ತಾರೆ. ತಮ್ಮ ಕಾಲದಲ್ಲಿ ಒಬ್ಬರೂ ಎಡವಲಿಲ್ಲ ಎಂದು ಸಾವಿರ ಸಲ ಹೇಳಿರಬೇಕು.

ಅದಕ್ಕಿಂತ ಹೆಚ್ಚು ಸಲ ಹೇಳಿದ್ದು ಐದನೇ ಮಹಡಿಯ ಮೂಲೆ ಕೋಣೆಯ ವಿಚಾರ. ಕೆಲಸ ಮುಗಿಸಿ ಬಂದು, ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತರೆಂದರೆ ಶುರು. ಆ ಕಿಟಕಿಯಿಂದ ನದಿ ಎಲ್ಲಿ ತಿರುಗುತ್ತದೆ, ಸೇತುವೆಯ ದೀಪಗಳು ಹೇಗೆ ಒಂದೊಂದಾಗಿ ಹತ್ತುತ್ತವೆ, ಸಂಜೆ ಬಿಸಿಲಿಗೆ ನೀರು ಹೇಗೆ ತಾಮ್ರದ ಬಣ್ಣಕ್ಕೆ ಬರುತ್ತದೆ! ದೊಡ್ಡಮ್ಮ ಪಾತ್ರೆ ಒರೆಸುತ್ತಾ ಹೂಂಗುಟ್ಟುತ್ತಿದ್ದರು. ಮಕ್ಕಳಾದ ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಆ ಸಂಜೆಗಳಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ಅವರ ಮದುವೆಗೆ ಐವತ್ತು ವರ್ಷ ತುಂಬಿದಾಗ ಅವರ ಮಗ, ನಾನು ಅಣ್ಣ ಎನ್ನುವವನು, ಅದೇ ಕೋಣೆಯನ್ನು ಬುಕ್ ಮಾಡಿದ. ಸುದ್ದಿ ಕೇಳಿ ದೊಡ್ಡಪ್ಪ ಕುಣಿದಾಡಲಿಲ್ಲ. ಮೊಣಕಾಲು ನೋವು ಎಂದರು, ಮನೆಯಲ್ಲೇ ಮಾಡೋಣ ಎಂದರು. ಕೊನೆಗೆ ನನ್ನನ್ನು ಹಿತ್ತಿಲಿಗೆ ಕರೆದು ಗುಟ್ಟು ಬಿಚ್ಚಿದರು. ಅವರು ಆ ಕೋಣೆಯನ್ನು ಕಂಡವರೇ ಅಲ್ಲ. ಲಿಫ್ಟಿನವನು ಮಹಡಿಯ ಜಮಖಾನೆಯ ಮೇಲೆ ಕಾಲಿಡುವಂತಿರಲಿಲ್ಲ. ಲಿಫ್ಟಿನಲ್ಲಿ ಕೆಳಗಿಳಿಯುವಾಗ ಜನ ಆಡಿದ ಮಾತನ್ನೇ ಅವರು ಹೆಂಡತಿಗೆ ತಂದು ಕೊಟ್ಟಿದ್ದರು. ಕಿಟಕಿಯಲ್ಲಿ ಬೇರೇನಾದರೂ ಕಂಡರೆ ಈ ವಯಸ್ಸಿನಲ್ಲಿ ಅವಳ ಮುಂದೆ ಸುಳ್ಳುಗಾರ ಅನ್ನಿಸಿಕೊಳ್ಳಬೇಕಲ್ಲ ಎಂದು ಅವರಿಗೆ ನಿದ್ದೆ ಹತ್ತಿರಲಿಲ್ಲ.

ಹೋಟೆಲಿಗೂ ಊರು ಹೋಗು, ಕಾಡು ಬಾ ಎನ್ನುವ ಕಾಲ ಬಂದಿತ್ತು. ನಾವು ಹೋದ ದಿನ ಲಿಫ್ಟ್ ಕೆಟ್ಟಿದೆ ಎಂಬ ರಟ್ಟು ತೂಗುತ್ತಿತ್ತು. ದೊಡ್ಡಪ್ಪ ಎಲ್ಲರನ್ನೂ ಮುಂದೆ ಬಿಟ್ಟು ಮೆಟ್ಟಿಲು ಹತ್ತಿದರು. ಕೋಣೆಯಲ್ಲಿ ಮುಗ್ಗಲು ವಾಸನೆ, ಹಾಸಿಗೆಯ ನಡುವೆ ಹಳ್ಳ. ನಲ್ಲಿ ತಿರುಗಿಸಿದರೆ ಸದ್ದು ಬಂತು, ನೀರು ಬರಲಿಲ್ಲ. ಕೇಕಿಗೆ ಚಾಕು ಕೇಳಿದರೆ ಚಮಚ ಕಳಿಸಿದರು. ಅಣ್ಣ ಬಾಲ ಸುಟ್ಟ ಬೆಕ್ಕಿನಂತೆ ಮೇಲೆ ಕೆಳಗೆ ಓಡಾಡಿದ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎನ್ನುವುದನ್ನು ಬಿಟ್ಟು ಕೌಂಟರಿನವನಿಗೆ ಬೇರೆ ಮಾತೇ ಬರುತ್ತಿರಲಿಲ್ಲವಂತೆ.

ಇದೆಲ್ಲ ಹಾಳಾಗಲಿ, ಕಿಟಕಿ ಇದೆಯಲ್ಲ ಎಂದು ಅಣ್ಣ ಪರದೆ ಸರಿಸಿದ. ಒಂದು ಮಾರು ಆಚೆಗೆ ಹೊಸ ಕಟ್ಟಡದ ಗೋಡೆ. ಬಣ್ಣ ಕಾಣದ ಸಿಮೆಂಟು, ಅದರ ಮೇಲೊಂದು ಕೊಳವೆ. ಅಣ್ಣ ಇಂಗು ತಿಂದ ಮಂಗನಂತೆ ನಿಂತ. ನನಗೆ ಮಾತ್ರ ಒಳಗೊಳಗೇ ಖುಷಿ. ಗೋಡೆ ದೊಡ್ಡಪ್ಪನ ಮಾನ ಉಳಿಸಿತ್ತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ದೊಡ್ಡಮ್ಮ ಗಂಡನ ಕಡೆ ತಿರುಗಿದರು. "ಹೋಗ್ಲಿ ಬಿಡಿ. ನೀವಾದ್ರೂ ಕಣ್ತುಂಬ ನೋಡಿದ್ರಲ್ಲ, ನನಗಷ್ಟೇ ಸಾಕು."

ಅವರು ಬೈದಿದ್ದರೆ ದೊಡ್ಡಪ್ಪ ತಡೆದುಕೊಳ್ಳುತ್ತಿದ್ದರೇನೋ. ಈ ಮಾತನ್ನು ತಡೆಯಲಾಗಲಿಲ್ಲ.

"ನಾನೂ ನೋಡಿಲ್ಲ ಕಣೇ. ಒಂದು ಸಲಾನೂ ನೋಡಿಲ್ಲ. ಬೇರೆಯವರು ಹೇಳಿದ್ದನ್ನ ನಿನಗೆ ಹೇಳಿದೆ."

ದೊಡ್ಡಮ್ಮ ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ನೋಡಿರೋಳು ನಾನೊಬ್ಬಳೇ, ನಿಮ್ಮ ಮಾತಲ್ಲಿ" ಎಂದರು. ಕುರ್ಚಿ ಎಳೆದು ಗೋಡೆಗೆ ಎದುರಾಗಿ ಹಾಕಿದರು. "ಬನ್ನಿ, ಕೂತ್ಕೊಳ್ಳಿ. ನಾನು ತೋರಿಸ್ತೀನಿ."

ದೊಡ್ಡಪ್ಪ ಕೂತರು. ದೊಡ್ಡಮ್ಮ ನದಿಯ ತಿರುವಿನಿಂದ ಶುರುಮಾಡಿ, ಸೇತುವೆ ದಾಟಿ, ದೀಪ ಹತ್ತಿಸಿ, ದೊಡ್ಡಪ್ಪ ಎಂದೂ ಹೇಳದ ಒಂದು ದೋಣಿಯನ್ನೂ ನೀರಿಗೆ ಬಿಟ್ಟರು. ನನಗೆ ಅಳು ಬಂದು ಮುಖ ತಿರುಗಿಸಿದೆ. ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು. ದೋಣಿಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಿದ್ದರು.